ಶ್ರೀರಾಮಯ್ಯನವರ ಆರಿಂಚಿನ ಸ್ಕೇಲು

ಯಾರ ಮನೆಗೆ ಹೋದರೂ ಶ್ರೀರಾಮಯ್ಯನವರು ಕುಶಲ ವಿಚಾರಿಸುವ ಮೊದಲು ತಮ್ಮ ನೀಲಿ ಕೋಟಿನ ಒಳಜೇಬಿನಿಂದ ಆರಿಂಚಿನ ಉಕ್ಕಿನ ಸ್ಕೇಲು ತೆಗೆದು, ಎದುರಿಗಿರುವ ಮೇಜಿನ ಮೇಲೆ ಅಂಚು ತಾಗುವಂತೆ ನಿಲ್ಲಿಸಿ, ತಲೆ ವಾಲಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಸ್ಕೇಲಿನ ಕೆಳಗಿಂದ ಬೆಳಕು ತೂರಿತೋ, ಆ ಮೇಜಿನ ಮರ್ಯಾದೆ ಅಲ್ಲಿಗೆ ಮುಗಿಯಿತು. ಅವರೀಗಿರುವ ಐರ್ಲೆಂಡಿನ ಸಿಟಿವೆಸ್ಟ್‌ನಲ್ಲಿ ಪರಿಚಯದ ಗುರುದತ್ ಹೊಸ ಮನೆಗೆ ಗೃಹಪ್ರವೇಶ ಮಾಡಿದಾಗ, ಅಡುಗೆಕಟ್ಟೆಯ ಕಲ್ಲಿನ ಮೇಲೆ ಸ್ಕೇಲಿಟ್ಟು, "ನಡುವೆ ಕುಳಿ ಐತಲ್ಲಪ್ಪಾ" ಎಂದು, ಪಾಯಸದ ಬಟ್ಟಲು ಹಿಡಿದು ನಿಂತಿದ್ದ ಯಜಮಾನನ ಮುಖ ಹುಳ್ಳಗಾಗುವಂತೆ ಮಾಡಿದ್ದರು ಮಹಾರಾಯರು. ಶ್ರೀರಾಮಯ್ಯನವರ ಹೆಂಡತಿ ಶಾಂತಾ ಅವರಂತೂ ಹೊಸ ದೋಸೆಕಾವಲಿ ತಂದರೆ ಮೊದಲು ಬಚ್ಚಿಡುತ್ತಾರೆ.

ಈ ಕಣ್ಣು ಪೀಣ್ಯದ ಟೂಲ್‌ರೂಮಿನಲ್ಲಿ ಪಳಗಿದ್ದು. ಹತ್ತೊಂಬತ್ತರ ವಯಸ್ಸಿನಲ್ಲಿ ಕೈಗೊಂದು ಅರ, ಬೆಂಕಿಪೊಟ್ಟಣದಷ್ಟು ಉಕ್ಕಿನ ತುಂಡು ಕೊಟ್ಟು "ಸಪಾಟು ಮಾಡು" ಎಂದ ಮೇಸ್ತ್ರಿ, ಹದಿನೇಳು ದಿನ ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಎಸೆದಿದ್ದನಂತೆ. ಹದಿನೆಂಟನೆಯ ದಿನ ಎಸೆಯಲಿಲ್ಲ, ಅದೇ ಹೊಗಳಿಕೆ. ಆ ಕೋಣೆಯ ನಡುವೆ ನುಣುಪಾದ ಕರಿಕಲ್ಲಿನ ಹಾಸೊಂದಿತ್ತು. ಎಲ್ಲರ ಕೆಲಸವನ್ನೂ ಅದರ ಮೇಲಿಟ್ಟು ಪರೀಕ್ಷಿಸಬೇಕು, ಆ ಕಲ್ಲನ್ನು ಮಾತ್ರ ಕೆಲಸಗಾರರು ಯಾರೂ ಪರೀಕ್ಷಿಸಕೂಡದು. ಈಗ ಐವತ್ತಾರು ತುಂಬಿದ ಶ್ರೀರಾಮಯ್ಯನವರು ಐರ್ಲೆಂಡಿನ ಕ್ಲಾಂಡಾಲ್ಕಿನ್‌ನ ಕಾರ್ಖಾನೆಯೊಂದರಲ್ಲಿ ಲೋಹದ ಬಿಡಿಭಾಗಗಳನ್ನು ತಪಾಸಣೆ ಮಾಡುತ್ತಾರೆ. ರಜೆಯ ದಿನ ಪರಿಚಯದವರ ಕಂಪ್ಯೂಟರ್ ರಿಪೇರಿ ಮಾಡಿಕೊಡುತ್ತಾರೆ. ಊರು ಬದಲಾದರೂ ಆ ಕರಿಕಲ್ಲಿನ ಭಕ್ತಿ ಬದಲಾಗಿರಲಿಲ್ಲ.

ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಹುಬ್ಬಳ್ಳಿಯ ಹುಡುಗಿ ಕುಲ್ಸುಮ್ ಕಂಪ್ಯೂಟರಿನ ದೊಡ್ಡ ಡಬ್ಬಿಯನ್ನು ಮಗುವಿನಂತೆ ಎದೆಗವಚಿಕೊಂಡು ಅವರ ಬಾಗಿಲಿಗೆ ಬಂದಳು. ಸಮುದ್ರದ ಭರತದ ನೀರು ನದಿಯೊಳಗೆ ಹೇಗೆ ಏರುತ್ತದೆ ಎಂಬುದು ಅವಳ ಪಿಎಚ್‌ಡಿ. ನಾಲ್ಕು ವರ್ಷದ ದುಡಿಮೆಯ ಕೊನೆಯ ಲೆಕ್ಕವೊಂದು ಬಾಕಿ; ಅದು ಅರವತ್ತು ಗಂಟೆ ಎಡೆಬಿಡದೆ ಓಡಬೇಕು, ನಡುವೆ ನಿಂತರೆ ಮತ್ತೆ ಮೊದಲಿನಿಂದ. ಕಂಪ್ಯೂಟರೋ, ಕಾದು ಕೆಂಡವಾಗಿ ಎರಡೇ ಗಂಟೆಗೆ ಆರಿಹೋಗುತ್ತಿತ್ತು. ವಿಶ್ವವಿದ್ಯಾಲಯದ ದೊಡ್ಡ ಯಂತ್ರಗಳ ಮುಂದೆ ತಿಂಗಳ ಸರದಿ. ಮಂಗಳವಾರ ಮಧ್ಯಾಹ್ನ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ಅದರ ಹಿಂದೆಯೇ ವೀಸಾ. ಅಂದರೆ ಇವತ್ತು ಸಂಜೆ ಎಂಟರೊಳಗೆ ಲೆಕ್ಕ ಶುರುವಾಗಲೇಬೇಕು.

ಶ್ರೀರಾಮಯ್ಯನವರು ಡಬ್ಬಿ ಬಿಚ್ಚಿ ಪ್ರೊಸೆಸರನ್ನು ಹೊರತೆಗೆದರು. ಅಂಗೈಯಲ್ಲಿ ಅಡಗುವ ಆ ಬಿಲ್ಲೆಯ ಮೇಲೊಂದು ಲೋಹದ ಮುಚ್ಚಳ. ಆ ಮುಚ್ಚಳಕ್ಕೆ ಒತ್ತಿಕೊಂಡು ಕೂಲರಿನ ತಾಮ್ರದ ತಳ ಕೂತು, ಬಿಸಿಯನ್ನು ಹೀರಿ ಫ್ಯಾನಿಗೆ ದಾಟಿಸಬೇಕು. ಮುಚ್ಚಳದ ಮೇಲೆ ಸ್ಕೇಲು ನಿಲ್ಲಿಸಿ ಕಿಟಕಿಗೆ ಹಿಡಿದರು. ನಡುವೆ ಕೂದಲೆಳೆಯಷ್ಟು ಬೆಳಕು.

"ಕುಳಿ ಬಿದ್ದೈತಮ್ಮಾ. ಉಜ್ಜಿ ಸಪಾಟು ಮಾಡ್ಬೇಕು."

"ಉಜ್ಜೂದಾ? ಅದನ್ನಾ?" ಕುಲ್ಸುಮಳ ಜೀವ ಬಾಯಿಗೆ ಬಂತು. "ಕೆಟ್ಟರ ಇನ್ನೊಂದಿಲ್ರಿ ಅಂಕಲ್."

"ಕೆಡಬಹುದು. ಸುಳ್ಳು ಹೇಳಲ್ಲ. ನೀನು ಹೂಂ ಅಂದ್ರೆ ಮಾತ್ರ ಮಾಡ್ತೀನಿ."

ಅವಳು ಗಡಿಯಾರ ನೋಡಿದಳು, ಎರಡೂವರೆ. ಹೂಂ ಎಂದಳು.

ಉಜ್ಜಲು ಚಪ್ಪಟೆ ಹಾಸು ಬೇಕಿತ್ತು. ಫ್ರಿಜ್ಜಿನ ಗಾಜಿನ ತಟ್ಟೆ, ಟೀಪಾಯಿಯ ಗಾಜು, ಎರಡೂ ಸ್ಕೇಲಿನ ಪರೀಕ್ಷೆಯಲ್ಲಿ ನಪಾಸಾದವು. ಕೊನೆಗೆ ಪಾಸಾದದ್ದು ಶಾಂತಾ ಅವರ ತಲೆ ಬಾಚುವ ಕನ್ನಡಿ. "ಅದಕ್ಕೆ ಗೀರು ಬಿದ್ರೆ ಇವತ್ತು ನಿಮಗೆ ಊಟ ಇಲ್ಲ ನೋಡಿ" ಎಂದು ಶಾಂತಾ ಅಡುಗೆಮನೆಯಿಂದಲೇ ಗುಡುಗಿದರು. ಗುಡುಗಿ, ತಾವೇ ತಂದು ಕೊಟ್ಟರು. ಕನ್ನಡಿಯ ಮೇಲೆ ಎಮರಿ ಪೇಪರ್ ಅಂಟಿಸಿ, ಬಿಲ್ಲೆಯ ಅಡಿಯನ್ನೂ ಅಂಚನ್ನೂ ಟೇಪಿನಿಂದ ಸುತ್ತಿ, ನಾಲ್ಕು ಹನಿ ನೀರು ಚಿಮುಕಿಸಿ, ಶ್ರೀರಾಮಯ್ಯನವರು ಎರಡೇ ಬೆರಳಿನಿಂದ ಉಜ್ಜತೊಡಗಿದರು. ಇಪ್ಪತ್ತು ಸಲ ಎಳೆದು ಕಾಲು ಸುತ್ತು ತಿರುಗಿಸುವುದು, ಮತ್ತೆ ಇಪ್ಪತ್ತು. ಎಣಿಕೆ ಬಾಯಲ್ಲೇ. ಆಗ ಯಾರೂ ಮಾತಾಡಕೂಡದು, ಕಾಫಿ ಬೇಕಾ ಎಂದೂ ಕೇಳಕೂಡದು. ಉಜ್ಜಲು ವಿದ್ಯುತ್ತಿನ ಉಪಕರಣವಿದೆಯಲ್ಲ ಎಂದು ಯಾರೇ ಸೂಚಿಸಲಿ, ಅವರು ಕೈಯಿಂದಲೇ ಉಜ್ಜುವುದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಕುಲ್ಸುಮಳಿಗೆ ಆ ಕರಕರ ಸದ್ದು ಹಲ್ಲಿನೊಳಗೆ ಕೇಳಿಸುತ್ತಿತ್ತು. ಮುಚ್ಚಳದ ಬೂದು ಲೇಪ ಸವೆದು, ಮೂಲೆಗಳಲ್ಲಿ ತಾಮ್ರದ ಕೆಂಪು ಮೂಡಿತು, ನಡುವಿನ ಬೂದು ದ್ವೀಪ ಕಿರಿದಾಗುತ್ತ ಬಂತು. ಒಮ್ಮೆ ನೀರಿನ ಹನಿಯೊಂದು ಟೇಪಿನ ಅಂಚಿಗೆ ಹರಿದು ನಿಂತಿತು. ಕೂಗೋಣವೆಂದರೆ ಮಾತಾಡಕೂಡದಲ್ಲ! ಅವಳು ಉಸಿರು ಹಿಡಿದಳು. ಅವರು ಹತ್ತಿಯಿಂದ ಅದನ್ನು ಹೀರಿ, ಹದಿಮೂರು ಎಂದು ಎಣಿಕೆ ಮುಂದುವರಿಸಿದರು. ಐದು ಗಂಟೆಗೆ ಮುಚ್ಚಳ ಹೊಸ ಬಿಂದಿಗೆಯಂತೆ ಕೆಂಪಗೆ ಹೊಳೆಯಿತು. ಸ್ಕೇಲಿಟ್ಟು ಅವಳ ಕಣ್ಣಿಗೇ ಹಿಡಿದು, "ಬೆಳಕು ಕಾಣ್ತಾ?" ಎಂದರು. ಕಾಣಲಿಲ್ಲ.

ಶಾಖ ದಾಟಿಸುವ ಪೇಸ್ಟು ಸವರಿ, ಕೂಲರು ಕೂರಿಸಿ, ಸ್ವಿಚ್ಚು ಒತ್ತಿದರು. ಜೀವ ಬಂತು! ಕುಲ್ಸುಮ್ ಪರೀಕ್ಷೆಗೆಂದು ಲೆಕ್ಕವನ್ನು ಓಡಿಸಿದಳು. ಅರವತ್ತು ಡಿಗ್ರಿ, ಎಂಬತ್ತು, ತೊಂಬತ್ತೈದು. ಮೊದಲು ನೂರಕ್ಕೇರಲು ಎರಡು ಗಂಟೆ ಹಿಡಿಯುತ್ತಿದ್ದ ಶಾಖ ಈಗ ನಾಲ್ಕೇ ನಿಮಿಷಕ್ಕೆ ಏರಿತು. ಪರದೆ ಕಪ್ಪಾಯಿತು.

"ಮುಗೀತ್ರಿ" ಎಂದಳು, ಅಷ್ಟೇ. ಅವಳಿಗೆ ಅಳು ಕೂಡ ಬರಲಿಲ್ಲ. ನಾಲ್ಕು ವರ್ಷ ಈ ಮನುಷ್ಯನ ಎರಡು ಬೆರಳ ಕೆಳಗೆ ಪುಡಿಯಾಗಿ ಹೋಯಿತೆಂದು ಅವರ ಮೇಲೆ ಕೆಂಡದಂಥ ಸಿಟ್ಟು ಬಂತು.

ಶ್ರೀರಾಮಯ್ಯನವರು ಪೇಸ್ಟನ್ನೂ ದೂರಲಿಲ್ಲ, ಹಳೇ ಯಂತ್ರವನ್ನೂ ದೂರಲಿಲ್ಲ. ಬಿಚ್ಚಿದರು, ಒರೆಸಿದರು. ಕೂಲರನ್ನು ಕೈಗೆತ್ತಿಕೊಂಡರು. ಆಮೇಲೆ, ಮಧ್ಯಾಹ್ನದಿಂದ ಒಮ್ಮೆಯೂ ಮಾಡದಿದ್ದ ಕೆಲಸ ಮಾಡಿದರು: ಸ್ಕೇಲನ್ನು ಕೂಲರಿನ ತಳದ ಮೇಲಿಟ್ಟರು. ನಡುವೆ ಉಬ್ಬು, ಎರಡು ಕಡೆಯೂ ಬೆಳಕು. ಮೊದಲು ಮುಚ್ಚಳದ ಕುಳಿಯೊಳಗೆ ಈ ಉಬ್ಬು ತಕ್ಕಮಟ್ಟಿಗೆ ಕೂರುತ್ತಿತ್ತು; ಸಪಾಟಾದ ಮೇಲೆ ನಡುವೆ ಮಾತ್ರ ತಾಗುತ್ತಿತ್ತು.

"ತಪ್ಪು ನಂದಮ್ಮಾ" ಎಂದರು. "ಕಂಪನಿಯಿಂದ ಬಂದಿದ್ದು ಸಪಾಟಾಗೇ ಇರುತ್ತೆ ಅಂತ ನಂಬ್ಬಿಟ್ಟೆ. ನಿನ್ನದನ್ನ ಉಜ್ಜೋಕೆ ಮುಂಚೆ ಇದನ್ನ ನೋಡ್ಬೇಕಿತ್ತು. ನೋಡಲಿಲ್ಲ."

ಕುಲ್ಸುಮ್ ಅವರ ಮುಖ ನೋಡಿದಳು. ಸಿಟ್ಟು ಹೋಗಿರಲಿಲ್ಲ, ಆದರೆ ಅದಕ್ಕೆ ಹಿಡಿದು ನಿಲ್ಲಲು ಜಾಗ ಸಿಗಲಿಲ್ಲ. ಪೀಣ್ಯದ ಕರಿಕಲ್ಲಿಗೆ ಸಲ್ಲಬೇಕಾದ ನಂಬಿಕೆಯನ್ನು ಕಾರ್ಖಾನೆಯಿಂದ ಬಂದ ತಾಮ್ರದ ತಳಕ್ಕೆ ಕೊಟ್ಟುಬಿಟ್ಟಿದ್ದರು ನಮ್ಮ ಶ್ರೀರಾಮಯ್ಯ; ಅದಕ್ಕೆ ಒಪ್ಪುವಂತೆ ಮುಚ್ಚಳವನ್ನು ತಿದ್ದಬೇಕು, ಅದನ್ನು ಮಾತ್ರ ಪರೀಕ್ಷಿಸಕೂಡದು!

"ಟೈಮ್ ಐತೇನ್ರಿ?" ಎಂದಳು.

"ಆರೂಕಾಲು. ಐತೆ."

ಮತ್ತೆ ಕನ್ನಡಿ, ಹೊಸ ಎಮರಿ ಪೇಪರ್, ಅದರ ಮೇಲೆ ಈಗ ಕೂಲರಿನ ತಳ, ಒಂದು, ಎರಡು, ಮೂರು. ಈ ಸಲ ಎಣಿಕೆಯನ್ನು ಅವಳಿಗೆ ಒಪ್ಪಿಸಿದರು; ಅವರ ಹಣೆಯ ಬೆವರನ್ನು ಶಾಂತಾ ಸೆರಗಿನಿಂದ ಒರೆಸಿದರು. ಏಳೂ ಐವತ್ತಕ್ಕೆ ಸ್ವಿಚ್ಚು ಒತ್ತಿದಾಗ ಕಿಟಕಿಯ ಹೊರಗೆ ಐರ್ಲೆಂಡಿನ ಬೇಸಿಗೆಯ ಹಗಲು ಇನ್ನೂ ನಿಚ್ಚಳವಾಗಿತ್ತು. ಅರವತ್ತು. ಎಪ್ಪತ್ತು. ಎಪ್ಪತ್ತಮೂರಕ್ಕೆ ನಿಂತಿತು. ಹತ್ತು ನಿಮಿಷ ಕಳೆದರೂ ಎಪ್ಪತ್ತಮೂರೇ. ಮೊದಲಿಂದ ಹಚ್ಚಿದ ಲೆಕ್ಕ ಓಡುತ್ತಿದೆಯೆಂದು ಖಾತ್ರಿಯಾದ ಮೇಲೆ ಕುಲ್ಸುಮ್ ನೆಲದ ಮೇಲೆ ಕುಸಿದು ಕುಳಿತು ಅತ್ತಳು.

ಯಂತ್ರವನ್ನು ಕದಲಿಸುವಂತಿರಲಿಲ್ಲ, ಮಂಗಳವಾರದವರೆಗೆ ಅದೂ ಅವಳೂ ಅಲ್ಲೇ ಉಳಿದರು. ಶ್ರೀರಾಮಯ್ಯನವರು ಸೋಮವಾರ ರಜೆ ಹಾಕಿ, ಗಂಟೆಗೊಮ್ಮೆ ಬಂದು ಅಂಕಿ ನೋಡಿ ಹೋಗುತ್ತಿದ್ದರು. ಮಂಗಳವಾರ ಹನ್ನೊಂದೂವರೆಗೆ ಪ್ರಬಂಧ ಹೋಯಿತು. ಚಳಿಗಾಲದಲ್ಲಿ ಅವಳು ರಟ್ಟು ಹಾಕಿಸಿದ ಪ್ರತಿಯೊಂದನ್ನು ತಂದು ಕೈಗಿಟ್ಟಾಗ, ಅವರು ಹೆಸರನ್ನೂ ಓದದೆ ರಟ್ಟಿನ ಮೇಲೆ ಸ್ಕೇಲಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಚೆನ್ನಾಗಿದೆ ಎನ್ನಲು ಐರ್ಲೆಂಡಿನವರು ಹೇಳುವಂತೆ "ಗ್ರ್ಯಾಂಡ್" ಎಂದರು. ಆಮೇಲೆ, ಇತ್ತೀಚೆಗೆ ಹತ್ತಿದ ಅಭ್ಯಾಸದಂತೆ, ಸ್ಕೇಲನ್ನೇ ಎತ್ತಿ ಕನ್ನಡಿಗೆ ತಾಗಿಸಿ ಅದರ ಅಂಚನ್ನೂ ಪರೀಕ್ಷಿಸಿದರು.

ಇಂಥ ಕುಶಲಕರ್ಮಿಗಳನ್ನು ಜಗತ್ತು ಕಿರಿಕಿರಿಯ ಮನುಷ್ಯರೆಂದು ಗೇಲಿ ಮಾಡುತ್ತದೆ, ಮಾಡಲಿ. ಅವರ ಕೈಯೂ ತಪ್ಪುತ್ತದೆ. ತಪ್ಪಿದ್ದನ್ನು ನಾವು ಕಾಣುವ ಮೊದಲೇ ಅವರ ಬಾಯಿ ಹೇಳಿಬಿಡುತ್ತದೆ. ಆ ಒಂದು ನಂಬಿಕೆಯ ಮೇಲೆಯೇ ನಾವು ಇನ್ನೊಂದಿಲ್ಲದ ವಸ್ತುವನ್ನು ಅವರ ಕೈಗೆ ಕೊಟ್ಟು, ಉಸಿರು ಹಿಡಿದು, ಪಕ್ಕದಲ್ಲಿ ಕೂರುತ್ತೇವೆ.