ಹಸಿರು ಚೀಟಿಯ ಮನೆ

ಬೀದಿಯಲ್ಲಿ ಮೊಟ್ಟಮೊದಲ ಹಸಿರು ಚೀಟಿ ಅಂಟಿದ್ದು ಮೈಕು ಮೇಷ್ಟ್ರ ಬಾಗಿಲಿಗೆ. ‘ಈ ಮನೆಯ ಎಲ್ಲ ಮಕ್ಕಳಿಗೂ ಲಸಿಕೆ ಆಗಿದೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಚೀಟಿ. ಅದನ್ನು ಹೇಗೆ ಅಂಟಿಸಬೇಕೆಂದು ಜನರಿಗೆ ತೋರಿಸಲು, ಬರೀ ಮಾದರಿಗೆಂದು, ಮೇಷ್ಟ್ರೇ ಗೋಂದು ಬಳಿದು ಅಂಟಿಸಿದ್ದರು. ಅಂಟಿಸಿದ್ದಾಯಿತು, ಫೋಟೋ ಹೊಡೆಸಿದ್ದಾಯಿತು, ಮಾದರಿಗೆಂದೇ ಲಸಿಕೆ ರಿಜಿಸ್ಟರಿನ ಮೊದಲ ಸಾಲಿನಲ್ಲಿ ಮೊಮ್ಮಗಳ ಹೆಸರು, ತಾರೀಖು ಎರಡನ್ನೂ ಬರೆದದ್ದಾಯಿತು. ಮಗುವಿಗೆ ಲಸಿಕೆ ಹಾಕಿಸುವುದೊಂದು ಉಳಿಯಿತು. ಅದೇನು ಮಹಾ, ಬಿಡಿ!

ಮೇಷ್ಟ್ರು ರಿಟೈರಾಗಿ ಆರು ವರ್ಷವಾಗಿದ್ದರೂ ಅವರ ನಾಲಿಗೆ ಇನ್ನೂ ಸರ್ವೀಸಿನಲ್ಲಿತ್ತು. ಬೀದಿಯ ಲಸಿಕೆ ಜಾಗೃತಿ ಸಮಿತಿಗೆ ಅವರೇ ಅಧ್ಯಕ್ಷರು. ವಾರಕ್ಕೆರಡು ಸಲ ಮೈಕು ಹಿಡಿದು, ‘ಭಯ ಬಿಡಿ, ಮಕ್ಕಳನ್ನು ಕರೆತನ್ನಿ’ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಮೈಕು ಕೆಳಗಿಟ್ಟು ಮನೆಯೊಳಗೆ ಕಾಲಿಟ್ಟರೆ ಮಾತ್ರ ಹೆಂಡತಿ ಹೇಳಿದ್ದೇ ಕೊನೆಯ ಮಾತು. ಆ ಹೆಂಗಸಿಗೆ ಸೂಜಿಯೆಂದರೆ ಜೀವ ಹೋಗುತ್ತಿತ್ತು.

“ಎಳೇ ಕೂಸು. ಜ್ವರ ಬಂದ್ರೆ ಯಾರು ಹೊಣೆ? ಬೀದಿಗೆ ಹೇಳೋದು ಬೀದಿಗಿರ್ಲಿ, ನಮ್ಮನೇಗೆ ತರ್ಬೇಡಿ” ಎಂದಿದ್ದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮೈಕಿನ ವೈರು ಸುತ್ತಿಡತೊಡಗಿದ್ದರು.

ಇದೆಲ್ಲವನ್ನೂ ಮಗುವಿನ ತಾಯಿ, ಮೇಷ್ಟ್ರ ಸೊಸೆ, ದಿನವೂ ನೋಡುತ್ತಿದ್ದಳು. ಮಗುವಿಗೆ ಹತ್ತು ತಿಂಗಳು. ಹುಟ್ಟಿದಾಗ ಆಸ್ಪತ್ರೆಯಲ್ಲಿ ಹಾಕಿದ್ದೇ ಕೊನೆ. ಗಂಡನನ್ನು ಕೇಳಿದರೆ, “ಅಪ್ಪ ಇದಾರಲ್ಲ, ಅವರಿಗೆ ಗೊತ್ತಿಲ್ವಾ?” ಎಂದು ಪೇಪರಿನೊಳಗೆ ಮುಖ ಹುದುಗಿಸುತ್ತಿದ್ದ. ತಾನೇ ಎತ್ತಿಕೊಂಡು ಹೊರಟರೋ, ಚಪ್ಪಲಿ ಮೆಟ್ಟುವಷ್ಟರಲ್ಲಿ “ಎಲ್ಲಿಗೆ?” ಎಂದು ಅತ್ತೆ ಬೆನ್ನ ಹಿಂದೆ. ಇನ್ನು ಪ್ರತಿ ಬುಧವಾರ ಐಸ್ ಡಬ್ಬ ಹೊತ್ತು ಬರುವ ನರ್ಸಮ್ಮ, ಬಾಗಿಲ ಚೀಟಿ ನೋಡಿ, “ನಿಮ್ಮಂಥ ಮನೆ ಬೀದಿಗೊಂದಿದ್ರೆ ಸಾಕು” ಎಂದು ಹೊಗಳಿ ಮುಂದಕ್ಕೆ ಹೋಗಿಬಿಡುತ್ತಿದ್ದಳು. ಆಗೆಲ್ಲ ಸೊಸೆಯ ನಾಲಿಗೆ ತುದಿಗೆ ಮಾತು ಬರುತ್ತಿತ್ತು. ಹೇಳಿದರೆ ಮಾವನ ಮಾನ ಮೂರು ಕಾಸಿಗೆ ಹರಾಜು. ನುಂಗಿಕೊಳ್ಳುತ್ತಿದ್ದಳು.

ನುಂಗಲಾರದ ದಿನವೂ ಬಂತು. ಹಿಂದಿನ ಬೀದಿಯಲ್ಲಿ ದಡಾರ ಎದ್ದಿತು. ಎರಡು ಮಕ್ಕಳನ್ನು ಆಸ್ಪತ್ರೆಗೆ ಸೇರಿಸಿದ್ದಾರಂತೆ, ಒಂದಕ್ಕೆ ಉಸಿರಾಟವೇ ಕಷ್ಟವಂತೆ ಎಂದು ಹಾಲಿನವನು ಹೇಳಿ ಹೋದ. ಸೊಸೆ ಗಳಿಗೆಗೊಮ್ಮೆ ಮಗುವಿನ ಹಣೆ ಮುಟ್ಟಿ ನೋಡುತ್ತಿದ್ದರೆ, ಮೇಷ್ಟ್ರು ನಡುಮನೆಯಲ್ಲಿ ಕೂತು ಭಾಷಣ ಬರೆಯುತ್ತಿದ್ದರು. ಅವರ ಬೀದಿ ‘ನೂರಕ್ಕೆ ನೂರು’ ಬೀದಿಯೆಂದು ಘೋಷಣೆಯಾಗುವುದಿತ್ತು. ಅದಕ್ಕೆ ಆರೋಗ್ಯಾಧಿಕಾರಿಯೇ ಬರುವವರಿದ್ದರು.

ನೂರಕ್ಕೆ ನೂರು ಹೇಗೆ ಬಂತು ಅನ್ನುವಿರಾ? ಎದುರುಮನೆಯ ಇಸ್ತ್ರಿಯಮ್ಮನೊಬ್ಬಳೇ ತನ್ನ ಇಬ್ಬರು ಮಕ್ಕಳಿಗೆ ಲಸಿಕೆ ಬೇಡವೆಂದು ಹಟ ಹಿಡಿದಿದ್ದಳು. “ಮೇಷ್ಟ್ರು ಮೊಮ್ಮಗಳಿಗೆ ಹಾಕ್ಸಿದ್ದನ್ನ ಯಾರಾದ್ರೂ ಕಣ್ಣಾರೆ ನೋಡಿದ್ದೀರಾ? ನಾ ದಿನಾ ಇಲ್ಲೇ ನಿಂತಿರ್ತೀನಿ, ನಾನಂತೂ ನೋಡಿಲ್ಲ” ಎನ್ನುತ್ತಿದ್ದಳು. ಸಮಿತಿ ಸಭೆ ಸೇರಿತು, ಟೀ ಕುಡಿಯಿತು, ಪಟ್ಟಿಯಲ್ಲಿ ಅವಳ ಮನೆ ನಂಬರಿನ ಮುಂದೆ ‘ಬೀಗ ಹಾಕಿದೆ’ ಎಂದು ಬರೆಯಿತು. ಬೀಗ ಹಾಕಿದ ಮನೆ ಲೆಕ್ಕಕ್ಕಿಲ್ಲ. ಬೆಳಗಿನಿಂದ ಸಂಜೆವರೆಗೆ ಬಾಗಿಲು ಹಾರುಹೊಡೆದು ಬಟ್ಟೆ ಉಜ್ಜುವವಳ ಮನೆಗೆ ಬೀಗವಂತೆ!

ಸಮಾರಂಭದ ದಿನ ಮೇಷ್ಟ್ರ ಬಾಗಿಲ ಮುಂದೆಯೇ ಬ್ಯಾನರು, ಕುರ್ಚಿ, ಮೈಕು. ಹಿಂದಿನ ಬೀದಿಯ ಮಕ್ಕಳಿಗಾಗಿ ನರ್ಸಮ್ಮ ಡಬ್ಬ ತಂದು ಬೆಂಚಿನ ಮೇಲೆ ಕೂತಿದ್ದಳು. ಅಧಿಕಾರಿ ಬಂದವರೇ ಹಸಿರು ಚೀಟಿ ನೋಡಿ ಖುಷಿಯಾದರು.

“ಮೊದಲ ಲಸಿಕೆ ಈ ಮನೆ ಮಗೂಗೇ ಅಲ್ವಾ ಮೇಷ್ಟ್ರೇ? ಕರ್ಕೊಂಡು ಬನ್ನಿ, ಒಂದು ಫೋಟೋ ತೆಗೆಯೋಣ.”

ಮೇಷ್ಟ್ರು ಹಲ್ಲು ಕಿಸಿದು ಸೊಸೆಗೆ ಕಣ್ಸನ್ನೆ ಮಾಡಿದರು. ಸೊಸೆ ಮಗುವನ್ನು ಎತ್ತಿಕೊಂಡು ಬಂದಳು. ಇನ್ನೊಂದು ಕೈಯಲ್ಲಿ ತರಕಾರಿ ಹೆಚ್ಚುವ ಚಾಕು. ಸೀದಾ ಬಾಗಿಲಿಗೆ ಹೋಗಿ ಚೀಟಿಯನ್ನು ಕೆರೆಯತೊಡಗಿದಳು. ಮೇಷ್ಟ್ರು ಗೋಂದು ಧಾರಾಳವಾಗಿ ಬಳಿದಿದ್ದರು. ಚೀಟಿ ಚೂರುಚೂರಾಗಿ ಎದ್ದುಬಂತು.

“ಏನಮ್ಮ ಇದು?” ಎಂದರು ಅಧಿಕಾರಿ.

ಸೊಸೆ ಮಗುವನ್ನು ಸೊಂಟಕ್ಕೇರಿಸಿಕೊಂಡಳು. “ನಮ್ಮನೇದು ಬಾಕಿ ಇದೆ ಸಾರ್. ಬೀದಿ ಮಕ್ಕಳಿಗೆಲ್ಲ ಆದ್ಮೇಲೇ ತಮ್ಮ ಮೊಮ್ಮಗಳಿಗೆ ಅಂತ ಮಾವನೋರು ಹಟ ಹಿಡಿದಿದ್ರು. ಇವತ್ತು ಎಲ್ಲರೆದುರು ಹಾಕಿಸ್ತಾರಂತೆ. ಅಲ್ವಾ ಮಾವ?”

ಮೇಷ್ಟ್ರು ಅತ್ತ ನೋಡಿದರು, ಇತ್ತ ನೋಡಿದರು. ಒಂದು ಕಡೆ ಮೈಕು, ಇನ್ನೊಂದು ಕಡೆ ಬಾಗಿಲಲ್ಲಿ ಕಣ್ಣು ಕೆಂಡ ಮಾಡಿಕೊಂಡು ನಿಂತ ಹೆಂಡತಿ. ಆದರೆ ಹೊಗಳಿಕೆ ಬಿಟ್ಟುಕೊಡುವ ಆಸಾಮಿಯೇ ಅವರು? “ಹೌದು ಹೌದು! ಇದು... ನನ್ನದೊಂದು ಸಣ್ಣ ತ್ಯಾಗ” ಎಂದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಅತ್ತೆ, “ಅಯ್ಯೋ ನನ್ನ ಕೂಸೇ!” ಎಂದು ಮುಂದೆ ಬರುವಷ್ಟರಲ್ಲಿ ಸೊಸೆ ಬೆಂಚಿನ ಮೇಲೆ ಕೂತಾಗಿತ್ತು. ಸೂಜಿ ಒಳಹೋಗಿ ಹೊರಬಂತು. ಮಗು ಕಿಟಾರನೆ ಕಿರುಚಿತು. ಸೊಸೆ ಅದನ್ನು ಎದೆಗವಚಿಕೊಂಡು ತಾನೂ ಅತ್ತುಬಿಟ್ಟಳು. ಎಷ್ಟೋ ವಾರಗಳ ಹೆದರಿಕೆ ಅದು.

ನರ್ಸಮ್ಮ ಸಮಿತಿಯ ರಿಜಿಸ್ಟರು ತೆರೆದು, ಮೊದಲ ಸಾಲು ನೋಡಿ, ಪೆನ್ನು ಹಿಡಿದು ಹಾಗೇ ಕೂತಳು. “ಇಲ್ಲಿ ಆಗ್ಲೇ ತಾರೀಖು ಬರೆದಿದೆಯಲ್ಲ ಮೇಷ್ಟ್ರೇ?”

“ಹೊಡೆದುಹಾಕಿ ಅಕ್ಕ,” ಎಂದಳು ಸೊಸೆ ಕಣ್ಣೊರೆಸಿಕೊಳ್ಳುತ್ತ, “ಇವತ್ತಿಂದು ಬರೀರಿ. ಪಕ್ಕದಲ್ಲಿ ಮಾವನೋರು ಸಹಿ ಹಾಕ್ತಾರೆ.”

ಮೇಷ್ಟ್ರು ಮೈಕು ಕೆಳಗಿಟ್ಟು ಸಹಿ ಹಾಕಿದರು.

ಅಷ್ಟರಲ್ಲಿ ಎದುರಿನಿಂದ ಇಸ್ತ್ರಿಯಮ್ಮ ಎರಡೂ ಕೈಯಲ್ಲಿ ಒಂದೊಂದು ಮಗುವನ್ನು ಎಳೆದುಕೊಂಡು ಬಂದಳು. ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸಿ, “ಈ ಮನೆಗೆ ಬೀಗ ಅಂತ ಇದೆಯಲ್ಲ?” ಎಂದರು.

“ಯಾವ ಬೀಗ ಸಾರ್? ಏಳು ತಿಂಗಳು ಆ ಬಾಗಿಲಲ್ಲೇ ನಿಂತು ಇವರ ಭಾಷಣ ಕೇಳಿದ್ದೀನಿ” ಎಂದಳು ಇಸ್ತ್ರಿಯಮ್ಮ, ದೊಡ್ಡ ಮಗನ ಅಂಗಿಯ ತೋಳು ಮಡಚುತ್ತ. “ಸೂಜಿ ನೋಡಿದ್ದು ಇವತ್ತೇ. ಹಾಕಿ ಅಕ್ಕ.”