ಪೋಷಕರ ಸಹಿ

ಬೆಳಿಗ್ಗೆ ಹನ್ನೊಂದಕ್ಕೆ ಸಮುದ್ರ ವಿಜ್ಞಾನ ವಿಭಾಗದ ಸೂಚನಾ ಫಲಕದ ಮುಂದೆ ಕಾಲಿಡಲು ಜಾಗವಿರಲಿಲ್ಲ. ಆ ವಿಭಾಗ ಇಂಥ ಗದ್ದಲ ಕಂಡು ಎಷ್ಟು ವರ್ಷವಾಗಿತ್ತೋ! ಇದ್ದದ್ದು ಎಂಟು ಕೋಣೆ, ಒಂಬತ್ತು ಜನ ಮೇಷ್ಟ್ರು, ನಲವತ್ತು ಮಕ್ಕಳು. ಇಷ್ಟು ವರ್ಷ ಅವಕಾಶಗಳೆಲ್ಲ ಪಕ್ಕದ ರಸಾಯನ ವಿಭಾಗಕ್ಕೆ ಹೋಗುತ್ತಿದ್ದವು, ಇವರಿಗೆ ಬರುತ್ತಿದ್ದದ್ದು ಸುತ್ತೋಲೆ ಮಾತ್ರ. ಈ ಸಲ ಹಾಗಲ್ಲ. ಒಬ್ಬ ಮೇಷ್ಟ್ರಿಗೆ ಸಂಶೋಧನೆಗೆಂದು ಇಡೀ ವರ್ಷ ರಜೆ, ಇಬ್ಬರು ವಿದ್ಯಾರ್ಥಿಗಳಿಗೆ ಬಂದರಿನ ಪ್ರಯೋಗಾಲಯದಲ್ಲಿ ತರಬೇತಿ. ಎಲ್ಲಕ್ಕಿಂತ ದೊಡ್ಡದು, ಸಂಶೋಧನಾ ಹಡಗಿನಲ್ಲಿ ನಲವತ್ತೈದು ದಿನ. ಅಧ್ಯಾಪಕರಿಗೆ ಒಂದು ಜಾಗ, ವಿದ್ಯಾರ್ಥಿಗೆ ಒಂದು ಜಾಗ.

ಅಧ್ಯಾಪಕರ ಜಾಗ ವಿಭಾಗದ ಮುಖ್ಯಸ್ಥರಿಗೆ ಸಿಕ್ಕಿತ್ತು. ಅವರು ಗುಟ್ಟು ಹೇಳಿದರೂ ಎರಡು ಕೋಣೆಯಾಚೆಗೆ ಕೇಳಿಸುವುದರಿಂದ ಮಕ್ಕಳು ಅವರನ್ನು ಗುಡುಗು ಮೇಷ್ಟ್ರು ಎನ್ನುತ್ತಿದ್ದರು. ವಿದ್ಯಾರ್ಥಿಯ ಜಾಗ ಸಿಕ್ಕಿದ್ದು ಟೈಲರಮ್ಮನಿಗೆ.

ಟೈಲರಮ್ಮ ಎಂದರೆ ಕೊನೆಯ ವರ್ಷದ ವಿದ್ಯಾರ್ಥಿನಿ. ವಯಸ್ಸು ಐವತ್ತೊಂದು. ಮನೆಯ ಮುಂಭಾಗದಲ್ಲೇ ಹೊಲಿಗೆ ಅಂಗಡಿ. ಗಂಡ ತೀರಿಕೊಂಡು ಹತ್ತು ವರ್ಷ. ಹೊಲಿಗೆ ಯಂತ್ರ ತುಳಿಯುತ್ತಲೇ ಮಗಳನ್ನು ಓದಿಸಿದಳು, ಮಗಳ ಹಳೆಯ ಪುಸ್ತಕಗಳನ್ನೇ ಇಟ್ಟುಕೊಂಡು ತಾನೂ ಅಂಚೆಯ ಮೂಲಕ ಪದವಿ ಮುಗಿಸಿದಳು, ಆಮೇಲೆ ಧೈರ್ಯ ಮಾಡಿ ಇಲ್ಲಿಗೆ ಸೇರಿದಳು. ತಮಾಷೆಯೆಂದರೆ ಆ ಮಗಳು ಇದೇ ವಿಭಾಗದಲ್ಲಿ ಕಿರಿಯ ಅಧ್ಯಾಪಕಿ. ತರಗತಿಯಲ್ಲಿ ತಾಯಿ ಮಗಳಿಗೆ "ಮೇಡಂ, ಒಂದು ಡೌಟು" ಎನ್ನುವುದು, ಮನೆಗೆ ಬಂದ ಮೇಲೆ "ಏನೇ, ಟವೆಲ್ ಒಣಗಿ ಹಾಕೋಕೂ ಬರಲ್ವಾ ನಿಂಗೆ?" ಎಂದು ಬೈಯುವುದು ಎರಡು ವರ್ಷದಿಂದ ನಡೆದಿತ್ತು.

ಆಯ್ಕೆಯಲ್ಲಿ ಯಾರ ದಾಕ್ಷಿಣ್ಯವೂ ಇರಲಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಸಮುದ್ರದ ತಳದ ಕೆಸರಿನಲ್ಲಿ ಮರಳಿನ ಕಣದಷ್ಟು ಸಣ್ಣ ಚಿಪ್ಪುಗಳಿರುತ್ತವೆ. ಅವನ್ನು ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಎತ್ತಿ ಬಗೆಬಗೆಯಾಗಿ ಜೋಡಿಸಬೇಕು. ಅದೇ ಪರೀಕ್ಷೆ. ಬೇರೆ ವಿಶ್ವವಿದ್ಯಾಲಯದವರು ಬಂದು ನಡೆಸಿದರು. ಒಂದು ಗಂಟೆಯಲ್ಲಿ ಹುಡುಗರು ನೂರು ಎತ್ತಿ ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಟೈಲರಮ್ಮ ಮುನ್ನೂರು ಎತ್ತಿ ಸಾಲಾಗಿ ಜೋಡಿಸಿ ಕೈಕಟ್ಟಿ ಕೂತಿದ್ದಳು. ಸೂಜಿಗೆ ದಾರ ಪೋಣಿಸಿ ಪಳಗಿದ ಕೈ ಅದು.

ಫಲಕದ ಮೇಲೆ ತನ್ನ ಹೆಸರು ಕಂಡ ಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಹಪಾಠಿಗಳು ಅವಳನ್ನು ಎತ್ತಿಯೇ ಬಿಡುತ್ತಿದ್ದರು, ಮಗಳು ಬಂದು ತಡೆದಳು.

"ಮೆಲ್ಲಗೆ ಕಣ್ರಪ್ಪ, ಸೊಂಟ ಹಿಡಿದ್ರೆ ಹಡಗು ಹತ್ತೋರು ಯಾರು?"

"ಮೇಡಂ, ನನ್ನ ಸೊಂಟದ ಸುದ್ದಿ ನಿಮಗೆ ಬೇಡ" ಎಂದಳು ಟೈಲರಮ್ಮ. ಎಲ್ಲರೂ ಗೊಳ್ಳೆಂದರು. ಮಗಳು ನಗಲು ಹೋಗಿ ಅತ್ತುಬಿಟ್ಟಳು. ಗುಡುಗು ಮೇಷ್ಟ್ರು ಹಡಗಿನಲ್ಲಿರುವಷ್ಟು ದಿನ ಅವರು ಮಾಡುತ್ತಿದ್ದ ಮುಖ್ಯ ವಿಷಯದ ಪಾಠ ಮಗಳ ಪಾಲಿಗೆ ಬಂದಿತ್ತು. ಅಂಥ ಪಾಠ ಅವಳಿಗೂ ಇದೇ ಮೊದಲು. ಹೀಗೆ ಒಂದೇ ಮನೆಗೆ ಎರಡು ಖುಷಿ.

ಖುಷಿ ಎರಡೂವರೆ ಗಂಟೆ ಉಳಿಯಿತು. ಒಂದೂವರೆಗೆ ಕಚೇರಿಯ ಗುಮಾಸ್ತರು ಕರೆಸಿದರು. ಇವರನ್ನು ಎಲ್ಲರೂ ಹಿಂದಿನಿಂದ ರೂಲ್ಸಪ್ಪ ಎನ್ನುತ್ತಿದ್ದರು. ಕೆಟ್ಟ ಮನುಷ್ಯನೇನಲ್ಲ, ಆದರೆ ಕಾಗದದ ಮೇಲಿಲ್ಲದ್ದು ಅವರ ಪಾಲಿಗೆ ಲೋಕದಲ್ಲೇ ಇಲ್ಲ.

"ನೋಡಿ ಟೈಲರಮ್ಮ, ಹಡಗಿನ ಫಾರಂನಲ್ಲಿ ಪೋಷಕರ ಸಹಿ ಬಿಟ್ಟಿದೀರಿ. ಸಮುದ್ರ ಪ್ರಯಾಣ ಅಂದ್ರೆ ಅದು ಇರಲೇಬೇಕು. ನಾಲ್ಕು ಗಂಟೆಗೆ ಹಡಗಿನೋರಿಗೆ ಪಟ್ಟಿ ಕಳಿಸ್ತೀನಿ. ಅಷ್ಟರೊಳಗೆ ಬರಲಿಲ್ಲ ಅಂದ್ರೆ ಜಾಗ ಎರಡನೇ ಹೆಸರಿಗೆ ಹೋಗುತ್ತೆ."

"ಪೋಷಕರಾ? ಸಾರ್, ನಂಗೆ ಐವತ್ತೊಂದು!"

"ಫಾರಂನಲ್ಲಿ ವಯಸ್ಸಿನ ಮಾತಿಲ್ಲ. ವಿದ್ಯಾರ್ಥಿ ಅಂತಿದೆ. ನೀವು ವಿದ್ಯಾರ್ಥಿ ಹೌದೋ ಅಲ್ವೋ?"

"ಹೌದು."

"ಮತ್ತೆ? ಗಂಡ, ಇಲ್ಲಾಂದ್ರೆ ತಂದೆ ಅಥವಾ ತಾಯಿ."

"ನಾನು ಹಾಕ್ತೀನಿ ಕೊಡಿ" ಎಂದು ಜೊತೆಗೆ ಬಂದಿದ್ದ ಮಗಳು ಪೆನ್ನು ತೆಗೆದಳು.

"ಮಗಳು ಅನ್ನೋ ಕಾಲಂ ಇಲ್ಲ ಮೇಡಂ." ವಿದ್ಯಾರ್ಥಿಗೂ ಒಬ್ಬ ಮಗಳಿರಬಹುದೆಂದು ಆ ಫಾರಂ ಬರೆದವನ ತಲೆಗೆ ಹೊಳೆದೇ ಇರಲಿಲ್ಲ. "ತಾಯಿ ಇದಾರಾ?"

ಇದ್ದಾಳೆ. ಮನೆಯಲ್ಲೇ ಇದ್ದಾಳೆ. ಆದರೆ ಟೈಲರಮ್ಮ ಅದನ್ನು ಹೇಳದೆ ಫಾರಂ ಎತ್ತಿಕೊಂಡು ಹೊರಗೆ ನಡೆದಳು.

ಮನೆಗೆ ಕಾರು ಓಡಿಸುತ್ತ, ಏನಾಯಿತೆಂದು ಮಗಳು ಎರಡು ಸಲ ಕೇಳಿ, ಮೂರನೆಯ ಸಲ ದಬಾಯಿಸಿದಳು.

"ಅಜ್ಜಿ ಸಹಿ ತಾನೇ? ಹತ್ತು ನಿಮಿಷದ ಕೆಲಸ. ಅದಕ್ಯಾಕೆ ಮುಖ ಹಿಂಗ್ ಮಾಡ್ಕೊಂಡಿದೀಯ?"

ಆಗ ಟೈಲರಮ್ಮ ಬಾಯಿಬಿಟ್ಟಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಾಲೇಜಿನಿಂದ ಮೂರು ದಿನ ಕಡಲತೀರಕ್ಕೆ ಕರೆದುಕೊಂಡು ಹೋಗುವವರಿದ್ದರು. ಚಿಪ್ಪು, ಕೆಸರು, ಅಲೆ, ಎಲ್ಲವನ್ನೂ ಅಲ್ಲಿಯೇ ನಿಂತು ಕಲಿಯುವುದು. ಆಗಲೂ ಇಂಥದ್ದೇ ಫಾರಂ. ಅಪ್ಪ ಇರಲಿಲ್ಲ, ಅಮ್ಮ ಸಹಿ ಹಾಕಬೇಕಿತ್ತು. ಹಾಕಲಿಲ್ಲ. ಜಪ್ಪಯ್ಯ ಅಂದರೂ ಹಾಕಲಿಲ್ಲ. ಮನೆಗೇ ಬಂದು ಕೇಳಿದ ಮೇಷ್ಟ್ರ ಮುಖದ ಮೇಲೆ ಬಾಗಿಲು ಹಾಕಿದಳು. ಕಡಲತೀರಕ್ಕೆ ಹೋಗದವರಿಗೆ ಆ ವಿಷಯದಲ್ಲಿ ಪರೀಕ್ಷೆಯಿಲ್ಲ ಎಂದರು ಕಾಲೇಜಿನವರು. ಪರೀಕ್ಷೆಯಿಲ್ಲದ ಮೇಲೆ ಕಾಲೇಜೇಕೆ ಎಂದು ಅಮ್ಮ ಬಿಡಿಸಿದಳು. ಬಿಡಿಸಿದ ಮೇಲೆ ಸುಮ್ಮನೆ ಯಾಕೆ ಕೂರಿಸಿಕೊಳ್ಳಬೇಕೆಂದು ಮದುವೆ ಮಾಡಿದಳು.

"ಇದನ್ನ ನಂಗೆ ಯಾವತ್ತೂ ಹೇಳೇ ಇಲ್ವಲ್ಲ ನೀನು!"

"ಹೇಳಿ ಏನ್ ಮಾಡ್ಲಿ? ಅವಳನ್ನೂ ಯಾಕೆ ಅಂತ ಕೇಳಿಲ್ಲ. ಮೂವತ್ತೆರಡು ವರ್ಷ ಆಯ್ತು, ಒಂದೇ ಒಂದ್ಸಲ ಅದರ ಮಾತೆತ್ತಿಲ್ಲ. ಈಗ ಮತ್ತೆ ಹೋಗಿ ಅವಳ ಮುಂದೆ ಫಾರಂ ಹಿಡೀಬೇಕಲ್ಲೇ! ಬೇಡ ಅಂದ್ಬಿಟ್ರೆ?"

ಅಜ್ಜಿ ಅಂಗಡಿಯಲ್ಲಿ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಎಪ್ಪತ್ತಾರು ವರ್ಷ. ಮಂಡಿ ಕೈಕೊಟ್ಟಿದೆ, ಬಾಯಿ ಮಾತ್ರ ಗಟ್ಟಿ. ಇಬ್ಬರೂ ಏದುಸಿರು ಬಿಡುತ್ತ ಒಳಗೆ ಬಂದದ್ದು ನೋಡಿ ಕನ್ನಡಕದ ಮೇಲಿನಿಂದ ಕಣ್ಣು ಹಾಯಿಸಿದಳು.

"ಏನ್ರೇ? ವಿಶ್ವವಿದ್ಯಾಲಯಕ್ಕೆ ಬೆಂಕಿ ಬಿತ್ತಾ?"

ವಿಷಯ ಹೇಳಿದ್ದು ಮೊಮ್ಮಗಳು. ಆಯ್ಕೆ, ಹಡಗು, ನಲವತ್ತೈದು ದಿನ, ನಾಲ್ಕು ಗಂಟೆ, ಸಹಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಫಾರಂ ಚಾಚಿದಳು. ಅಜ್ಜಿ ಅದನ್ನು ಇಸಿದುಕೊಂಡು ಅಂಗಿಯ ಮೇಲಿಟ್ಟುಕೊಂಡಳು.

"ಯಾರ್ಯಾರು ಹೋಗ್ತಾರೆ?"

"ನಮ್ಮ ಮುಖ್ಯಸ್ಥರು ಇರ್ತಾರೆ ಅಜ್ಜಿ. ಒಟ್ಟು ನಲವತ್ತು ಜನ."

"ಹೆಂಗಸರು?"

"ಹದಿನಾಲ್ಕು."

"ಮಲಗೋದೆಲ್ಲಿ? ಡಾಕ್ಟ್ರು ಇರ್ತಾರಾ?"

ಟೈಲರಮ್ಮನಿಗೆ ತಡೆಯಲಾಗಲಿಲ್ಲ. ಮೂವತ್ತೆರಡು ವರ್ಷ ನುಂಗಿಕೊಂಡದ್ದೆಲ್ಲ ಒಟ್ಟಿಗೇ ಹೊರಗೆ ಬಂತು.

"ಆವತ್ತೂ ಇದನ್ನೇ ಕೇಳಿದ್ದೆ ನೀನು! ಯಾರ್ಯಾರು, ಮಲಗೋದೆಲ್ಲಿ, ಡಾಕ್ಟ್ರು ಯಾರು. ಎಲ್ಲಾ ಕೇಳಿ, ಎಲ್ಲದಕ್ಕೂ ಉತ್ತರ ಹೇಳಿಸಿಕೊಂಡು, ಕೊನೆಗೆ ಬೇಡ ಅಂದೆ. ಒಂದು ಕಾರಣ ಹೇಳಿದ್ಯಾ? ಅಂಗಲಾಚಿದೆ ಕಣಮ್ಮ ನಾನು. ನಿನ್ನ ಕಾಲು ಹಿಡ್ಕೊಂಡಿದ್ದೆ. ನಂಗೆ ಎಷ್ಟು ಸಿಟ್ಟಿದೆ ಗೊತ್ತಾ ನಿನ್ನ ಮೇಲೆ? ಇವತ್ತಿಗೂ ಇದೆ!"

ಮೊಮ್ಮಗಳು ಉಗುರು ಕಚ್ಚುತ್ತ ನಿಂತಳು. ಅಜ್ಜಿ ದಾರ ಹರಿದು, ಸೂಜಿಯನ್ನು ಜೋಪಾನವಾಗಿ ದಾರದ ಉಂಡೆಗೆ ಚುಚ್ಚಿ, ಫಾರಂ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಇಲ್ಲಿ ಹಾಕಲ್ಲ ನಾನು. ಆ ಕಚೇರಿಗೆ ಕರ್ಕೊಂಡು ನಡೀರಿ."

"ಅಮ್ಮಾ, ಹಾಕ್ತೀಯೋ ಇಲ್ವೋ ಅದನ್ನ ಹೇಳು."

"ನಡೀರಿ ಅಂದೆ. ನನ್ನ ಚಪ್ಪಲಿ ಎಲ್ಲಿ?"

ದಾರಿಯುದ್ದಕ್ಕೂ ಅಜ್ಜಿ ಹಿಂದಿನ ಸೀಟಿನಲ್ಲಿ ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. ಪ್ರತಿ ಸಿಗ್ನಲ್ಲಿನಲ್ಲೂ ಕೆಂಪು ದೀಪ. ಟೈಲರಮ್ಮ ಗಡಿಯಾರ ನೋಡುವುದು, ಕನ್ನಡಿಯಲ್ಲಿ ತಾಯಿಯ ಮುಖ ನೋಡುವುದು, ಇದೇ ಆಯಿತು. ಇಳಿಯುವಾಗ ಮೂರು ನಲವತ್ತು. ಮೆಟ್ಟಿಲು ಇಪ್ಪತ್ತೆರಡು, ಅಜ್ಜಿಯ ಮಂಡಿಗೆ ಅವಸರವೆಂಬುದೇ ಗೊತ್ತಿಲ್ಲ. ಒಂದು ರಟ್ಟೆ ಮಗಳು ಹಿಡಿದಳು, ಇನ್ನೊಂದು ಮೊಮ್ಮಗಳು. ಮೇಲೆ ಕಾದು ನಿಂತಿದ್ದ ವಿದ್ಯಾರ್ಥಿಗಳ ದಂಡು "ಬಂದ್ರು, ಬಂದ್ರು!" ಎಂದು ಕೂಗಿತು. ಎರಡನೆಯ ಹೆಸರಿನ ಹುಡುಗನೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ.

ಅಜ್ಜಿ ರೂಲ್ಸಪ್ಪನವರ ಎದುರಿನ ಕುರ್ಚಿಯಲ್ಲಿ ಕೂತು, ಫಾರಂ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದಳು.

"'ಈ ವಿದ್ಯಾರ್ಥಿಯು ನನ್ನ ಸುಪರ್ದಿಯಲ್ಲಿದ್ದು, ಇವರ ಪ್ರಯಾಣಕ್ಕೆ ನಾನು ಅನುಮತಿ ನೀಡಿರುತ್ತೇನೆ.' ಇದನ್ನ ಬರೆದ ಪುಣ್ಯಾತ್ಮ ಯಾರಪ್ಪ?"

"ಯಾರೂ ಅಲ್ಲಮ್ಮ. ಫಾರಂ ಇರೋದೇ ಹಾಗೆ."

"ಇವಳು ನನ್ನ ಸುಪರ್ದಿಯಲ್ಲಿಲ್ಲ. ನಾನು ಇವಳ ಸುಪರ್ದಿಯಲ್ಲಿದೀನಿ. ನಂಗೆ ಊಟ ಹಾಕೋಳು ಇವಳು, ಮಾತ್ರೆ ಕೊಡೋಳು ಇವಳು. ಸುಳ್ಳಿಗೆ ನಾನು ಸಹಿ ಹಾಕಲ್ಲ."

"ಅಜ್ಜೀ!" ಎಂದು ಮೊಮ್ಮಗಳು ಕಿರುಚಿದಳು. ಟೈಲರಮ್ಮ ಗೋಡೆಗೆ ಒರಗಿದಳು. ಮತ್ತೆ ಅದೇ ಆಯಿತಲ್ಲ ಎನಿಸಿ ಅವಳ ಕಣ್ಣು ಮಂಜಾಯಿತು.

"ಹಾಗಾದ್ರೆ ಜಾಗ ಎರಡನೇ ಹೆಸರಿಗೆ..." ಎಂದರು ರೂಲ್ಸಪ್ಪ.

"ನಂಗೆ ಬೇಡ!" ಎಂದು ಬಾಗಿಲಿನಿಂದ ಆ ಹುಡುಗ ಅರಚಿದ.

"ಏನ್ರೀ ಇದು ಗಲಾಟೆ?" ಗುಡುಗು ಮೇಷ್ಟ್ರು ಒಳಗೆ ಬಂದರು. ಕಿಟಕಿಯ ಗಾಜು ಅಲುಗಿತು. ಅಜ್ಜಿ ಮಾತ್ರ ಅಲುಗಲಿಲ್ಲ.

"ನೀವೇನಾ ಮೇಷ್ಟ್ರು? ಕೂತ್ಕೊಳ್ಳಿ. ಹಿಂದೆ ಒಬ್ರು ಮೇಷ್ಟ್ರು ನಮ್ಮನೆಗೆ ಬಂದಿದ್ರು. ಇವಳನ್ನ ಕಳಿಸಿ ಅಂತ ಕೈ ಮುಗಿದ್ರು. ನಾನು ಬಾಗಿಲು ಹಾಕಿದೆ. ಯಾಕೆ ಅಂತ ಇವಳು ಈಗ ಕೇಳ್ತಾಳೆ. ಭಯ ಕಣ್ರೀ. ಗಂಡ ಸತ್ತಿದ್ದ, ಇದ್ದೋಳು ಇವಳೊಬ್ಬಳು. ಸಮುದ್ರ ಅಂದ ತಕ್ಷಣ ಎದೆ ನಡುಗಿಬಿಡ್ತು. ಭಯ ಅಂತ ಹೇಳೋಕೆ ನಾಚಿಕೆ ಆಯ್ತು, ಬೇಡ ಅಂತ ಹೇಳೋದು ಸುಲಭ ಆಯ್ತು. ನನ್ನ ಅನುಮತಿ ಅನ್ನೋದು ಇವಳ ಬದುಕನ್ನೇ ತಿಂದುಹಾಕ್ತು. ಇನ್ನೊಂದ್ಸಲ ಆ ಅನುಮತಿನ ಇವಳ ಕೈಲಿ ಕೇಳಿಸಬೇಡಿ. ನಾನ್ಯಾರು ಕೊಡೋಕೆ?"

ಗಡಿಯಾರ ಮೂರು ಐವತ್ತಮೂರು ತೋರಿಸುತ್ತಿತ್ತು. ಗುಡುಗು ಮೇಷ್ಟ್ರು ಮೊದಲ ಸಲ ಮೆಲ್ಲಗೆ ಮಾತಾಡಿದರು.

"ರೀ, ಆ ಸಾಲು ಹೊಡೆದು ಹಾಕಿ."

"ಫಾರಂನಲ್ಲಿ ಏನನ್ನೂ ಹೊಡೆದು ಹಾಕೋ ಹಾಗಿಲ್ಲ ಸಾರ್. ರೂಲ್ಸು."

"ಸೇರಿಸೋ ಹಾಗಿಲ್ಲ ಅಂತ ರೂಲ್ಸಿದೆಯಾ?"

ರೂಲ್ಸಪ್ಪ ಮೇಜಿನ ಖಾನೆಯಿಂದ ದಪ್ಪ ಪುಸ್ತಕ ತೆಗೆದು ಹಾಳೆ ತಿರುವಿದರು. ಎಲ್ಲರೂ ಅವರ ಬೆರಳನ್ನೇ ನೋಡುತ್ತಿದ್ದರು. ಕೊನೆಗೆ ಅವರ ಮುಖದಲ್ಲಿ ಅಪರೂಪದ ನಗು ಮೂಡಿತು.

"ಇಲ್ಲ ಸಾರ್! ಎಲ್ಲೂ ಇಲ್ಲ! ಬರೀರಮ್ಮ, ಬೇಗ ಬರೀರಿ, ಕೆಳಗೆ ಎಷ್ಟು ಬೇಕೋ ಅಷ್ಟು ಜಾಗ ಇದೆ!"

ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ಬರೆದಳು. "ಇವಳು ನನ್ನ ಮಗಳು. ನನ್ನ ಅನುಮತಿ ಇವಳಿಗೆ ಬೇಕಾಗಿಲ್ಲ. ಸಂತೋಷದಿಂದ ಕಳಿಸಿಕೊಡುತ್ತಿದ್ದೇನೆ." ಅದರ ಕೆಳಗೆ ಸಹಿ. ಮೂರು ಐವತ್ತೆಂಟಕ್ಕೆ ಮೊಹರು ಬಿತ್ತು, ಐವತ್ತೊಂಬತ್ತಕ್ಕೆ ಪಟ್ಟಿ ಹೋಯಿತು. ಕಾರಿಡಾರಿನಲ್ಲಿ ಎದ್ದ ಕೇಕೆಗೆ ರಸಾಯನ ವಿಭಾಗದವರೆಲ್ಲ ಎದ್ದು ಬಂದರು. ಟೈಲರಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಗಲಾಟೆ ತಣ್ಣಗಾದ ಮೇಲೆ ಅಜ್ಜಿ ಅವಳ ಸೆರಗು ಜಗ್ಗಿದಳು.

"ಅಲ್ಲಾ, ಅಷ್ಟು ದೂರ ಹೋಗಿ ನೋಡೋದೇನನ್ನ? ನಂಗೂ ತೋರ್ಸು."

ಪ್ರಯೋಗಾಲಯದಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ. ಟೈಲರಮ್ಮ ತಾಯಿಯನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೇ ಒಂದು ಚಿಪ್ಪು ಇಟ್ಟಳು. ಕನ್ನಡಕ ತೆಗೆಸಿ, ತಿರುಗಣೆ ತಿರುಗಿಸಿ ಸರಿಮಾಡಿದಳು. ಅಜ್ಜಿ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಸುರುಳಿ ಸುತ್ತಿದ ಬಿಳಿಯ ಗೂಡು, ಗೋಡೆ ತುಂಬ ಸೂಜಿ ಚುಚ್ಚಿದಂಥ ತೂತು.

"ಆವತ್ತು ಕಳಿಸಿದ್ದಿದ್ರೆ ಇದನ್ನೇ ನೋಡ್ತಿದ್ಯಾ ನೀನು?"

ಇಲ್ಲಮ್ಮ, ಬೇರೆ ಏನೋ ಎಂದು ಹೇಳಿ ಮುದುಕಿಯ ಮನಸ್ಸು ಹಗುರ ಮಾಡಬಹುದಿತ್ತು. ಟೈಲರಮ್ಮನಿಗೆ ಇವತ್ತು ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಹೂಂ ಅಮ್ಮ. ಇದನ್ನೇ."

ಅಜ್ಜಿ ಕಣ್ಣು ಮೇಲೆತ್ತಲಿಲ್ಲ. ಕೈಯಿಂದ ತಡಕಾಡಿ ಮಗಳ ಮಣಿಕಟ್ಟು ಹಿಡಿದುಕೊಂಡಳು.

"ಇನ್ನೊಂದು ತೋರ್ಸು" ಎಂದಳು.