ಹನ್ನೊಂದು ಪೊಟ್ಟಣ ಹರಳು

ಮುಗಿದ ಫೈಲುಗಳನ್ನು ದಾಖಲೆ ಕೋಣೆಗೆ ಸಾಗಿಸುವ ದಿನ. ವಕೀಲರನ್ನು ಇಟ್ಟುಕೊಳ್ಳಲಾಗದವರ ಪರವಾಗಿ ಉಚಿತವಾಗಿ ವಾದಿಸುವ ಆ ಕಾನೂನು ನೆರವಿನ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಬರುವ ಕೆಲಸ ಅದು. ಇಪ್ಪತ್ತಮೂರು ವರ್ಷದಿಂದ ಅದೇ ಕುರ್ಚಿಯಲ್ಲಿ ಸವೆದಿದ್ದ ವಕೀಲೆ, ಕನ್ನಡಕ ನೆತ್ತಿಗೇರಿಸಿ, ಧೂಳಿಗೆ ಸೀನುತ್ತ, ಒಂದೊಂದು ಫೈಲಿನ ಮೇಲೂ ರುಜು ಹಾಕಿ ಗುಮಾಸ್ತರ ಕಡೆ ಜರುಗಿಸುತ್ತಿದ್ದಳು. ಅರವತ್ತಕ್ಕೆ ಹತ್ತಿರವಾಗಿದ್ದ ಗುಮಾಸ್ತರು ಅವನ್ನು ಹುರಿಯಿಂದ ಬಿಗಿದು ಕಟ್ಟುತ್ತಿದ್ದರು. ಗಂಟು ಹಾಕುವುದರಲ್ಲಿ ಅವರದು ಎತ್ತಿದ ಕೈ. ಬಿಚ್ಚುವುದು ಮಾತ್ರ ಅವರಿಂದಲೂ ಆಗುತ್ತಿರಲಿಲ್ಲ.

ಒಂದು ಫೈಲಿನಿಂದ ಲಕೋಟೆ ಜಾರಿ ಬಿತ್ತು. ಸರ್ಕಾರಿ ಪ್ರಯೋಗಾಲಯದ್ದು. ಅಂಟು ಹಾಕಿದ್ದು ಹಾಗೇ ಇತ್ತು. ಮೂಲೆಯಲ್ಲಿ ಹಸಿರು ಶಾಯಿಯಲ್ಲಿ 'ನೋಡಿದೆ' ಎಂಬ ಷರಾ, ಅದರ ಕೆಳಗೆ ಅವಳದೇ ಕಿರುಸಹಿ, ಒಂದು ವರ್ಷದ ಹಿಂದಿನ ತಾರೀಖು.

ತೆರೆಯದ ಕಾಗದವನ್ನು 'ನೋಡಿದೆ' ಎಂದು ಬರೆದಿದ್ದಳು.

ಅವಳು ಅಂಚು ಹರಿದು ಓದಿದಳು. 'ಹನ್ನೊಂದು ಪೊಟ್ಟಣಗಳಲ್ಲಿದ್ದ ಹರಳುಗಳಲ್ಲಿ ಮೆಥಾಂಫೆಟಮೈನ್ ಆಗಲಿ, ಬೇರಾವುದೇ ನಿಷೇಧಿತ ವಸ್ತುವಾಗಲಿ ಪತ್ತೆಯಾಗಿಲ್ಲ. ಇವು ನೀರಿನಲ್ಲಿರುವ ಕ್ಲೋರಿನ್ ತೆಗೆಯಲು ಬಳಸುವ ಹರಳುಗಳು.'

ಫೈಲಿನ ಹೆಸರು ನೋಡುವ ಅಗತ್ಯವೇ ಬೀಳಲಿಲ್ಲ. ಅದು ಮೀನಣ್ಣನ ಫೈಲು.

ಮನೆಮನೆಗೆ ಹೋಗಿ ಗಾಜಿನ ಮೀನುತೊಟ್ಟಿ ತೊಳೆದು ಕೊಡುತ್ತಿದ್ದವನು ಅವನು. ಅದಕ್ಕೇ ಆ ಅಡ್ಡಹೆಸರು. 'ಬಾಯಿಗೆ ಒಂದು ಮೀನೂ ಇಟ್ಟವನಲ್ಲ, ಆದ್ರೂ ನಾನು ಮೀನಣ್ಣ' ಎಂದು ತಾನೇ ನಗುತ್ತಿದ್ದನಂತೆ. ಒಂದು ಮಧ್ಯಾಹ್ನ ಪೊಲೀಸರು ಅವನ ಸ್ಕೂಟರ್ ತಡೆದರು. ಡಬ್ಬಿಯಲ್ಲಿ ರಬ್ಬರ್ ಪೈಪು, ಬಲೆ, ಸ್ಪಂಜು, ಜೊತೆಗೆ ಹನ್ನೊಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಗಾಜಿನಂಥ ಹರಳು. ಬೀದಿಯಲ್ಲಿ ಐಸ್ ಎಂದು ಕರೆಯುವ ಮೆಥ್ ಇರುವುದೂ ಥೇಟ್ ಹಾಗೆಯೇ. ಪೊಲೀಸರು ಪರೀಕ್ಷೆಯ ದ್ರವ ಹಾಕಿದರು, ಅದು ನೀಲಿಗೆ ತಿರುಗಿತು. ನೀಲಿ ಎಂದರೆ ಮೆಥ್. ಆ ದ್ರವ ಬೇರೆ ವಸ್ತುಗಳಿಗೂ ಒಮ್ಮೊಮ್ಮೆ ನೀಲಿಯಾಗುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹನ್ನೊಂದು ಬೇರೆಬೇರೆ ಕಟ್ಟಿದ್ದಾನೆ ಎಂದರೆ ಮಾರುವುದಕ್ಕೇ. ಒಂದೊಂದು ತೊಟ್ಟಿಗೆ ಒಂದೊಂದು ಅಂತ ಅಳೆದು ಕಟ್ಟಿದ್ದು ಎಂದು ಅವನು ಬಡಕೊಂಡ. ಯಾರೂ ಬರೆದುಕೊಳ್ಳಲಿಲ್ಲ.

ಆ ವಾರ ಅವಳ ಮೇಜಿನ ಮೇಲೆ ಅಂಥವೇ ನಲವತ್ತು ಕೇಸಿದ್ದವು. ಒಬ್ಬ ಉಪ್ಪು ಅಂದಿದ್ದ, ಇನ್ನೊಬ್ಬ ಕಲ್ಲುಸಕ್ಕರೆ ಅಂದಿದ್ದ. ಹಿಂದೆ ಹಾಗಂದವರದೆಲ್ಲ ಮೆಥ್ ಎಂದೇ ಸಾಬೀತಾಗಿತ್ತು. ತೋಳ ಬಂತು ಎಂದು ಕೂಗುವವರೇ ಸುತ್ತ ತುಂಬಿದ್ದಾಗ, ನಿಜವಾಗಿ ತೋಳ ಕಂಡವನ ದನಿಯೂ ಅವಳಿಗೆ ಹಾಗೇ ಕೇಳಿಸಿತು. ಮೀನಣ್ಣನ ಜೊತೆ ಅವಳು ಮಾತಾಡಿದ್ದು ನ್ಯಾಯಾಲಯದ ಓಣಿಯ ಬೆಂಚಿನ ಮೇಲೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ.

"ಒಪ್ಪಿಕೊಂಡ್ರೆ ಎಂಟು ತಿಂಗಳು. ವಿಚಾರಣೆಗೆ ಹೋಗಿ ಸೋತ್ರೆ ಹತ್ತು ವರ್ಷ. ಸರ್ಕಾರಿ ವಕೀಲರು ಇವತ್ತು ಸಂಜೆವರೆಗೆ ಮಾತ್ರ ಈ ಮಾತಿಗೆ ನಿಲ್ತಾರೆ."

"ಲ್ಯಾಬಿಂದ ರಿಪೋರ್ಟ್ ಬರೋವರೆಗೂ ಕಾಯೋಕಾಗಲ್ವಾ ಮೇಡಂ?"

"ಬರೋಕೆ ಆರು ತಿಂಗಳಾದ್ರೂ ಆಗುತ್ತೆ. ಜಾಮೀನು ಸಿಕ್ಕಿಲ್ಲ. ಅಲ್ಲೀತನಕ ಒಳಗೇ ಇರ್ಬೇಕು. ಆಮೇಲೂ ಹೌದು ಅಂತ ಬಂದ್ರೆ?"

"ಹೌದು ಅಂತ ಬರಲ್ಲ ಮೇಡಂ."

ಆಗ ಅವಳು ಗಡಿಯಾರ ನೋಡಿಕೊಂಡಿದ್ದಳು. ಅದು ಈಗಲೂ ನೆನಪಿದೆ. ಅವನ ಗಿರಾಕಿಗಳಲ್ಲಿ ಒಬ್ಬರಿಗೆ ಫೋನು ಮಾಡಿದ್ದರೆ ಸಾಕಿತ್ತು. ಮೀನಿನ ಅಂಗಡಿಗೆ ಹೋಗಿ ಒಂದು ಪೊಟ್ಟಣ ಕೊಂಡು ತಂದಿದ್ದರೆ ಸಾಕಿತ್ತು. ಅತ್ತ ದರಿ ಇತ್ತ ಪುಲಿ ಎಂದು ನಿಂತವನನ್ನು ಅವಳು ಬೆನ್ನು ತಟ್ಟಿ ದರಿಯ ಕಡೆಗೇ ಕಳಿಸಿದ್ದಳು. 'ಈ ಮಾದಕ ವಸ್ತು ನಿಮ್ಮದೇ?' ಎಂದು ನ್ಯಾಯಾಧೀಶರು ಕೇಳಿದಾಗ ಅವನು ಮೊದಲು ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು "ಹೌದು, ನಂದೇ" ಅಂದ. ಕೊನೆಯ ಸಾಲಿನಲ್ಲಿ ಕುಳಿತಿದ್ದ ಅವನ ಹೆಂಡತಿ ಎದ್ದು ಹೊರಗೆ ಹೋದಳು.

ಆರು ತಿಂಗಳೆಂದಿದ್ದ ವರದಿ ಮೂರೇ ತಿಂಗಳಿಗೆ ಬಂದಿತ್ತು. ಅವನಿಗೆ ಇನ್ನೂ ಐದು ತಿಂಗಳ ಜೈಲುವಾಸ ಬಾಕಿ ಇತ್ತು.

ಗುಮಾಸ್ತರು ಕಾಗದ ಓದಿ, ಹುರಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು. "ಸರ್ಕಾರಿ ವಕೀಲರಿಗೂ ಒಂದು ಪ್ರತಿ ಹೋಗಿರುತ್ತೆ ಮೇಡಂ. ಅವರೂ ಸುಮ್ನಿದ್ದಾರೆ. ಅವನೂ ಬಿಡುಗಡೆಯಾಗಿ ಎಷ್ಟೋ ದಿನ ಆಯ್ತು. ಸತ್ತ ಹಾವನ್ನ ಯಾಕೆ ಕೆದಕ್ತೀರಿ?"

"ಹಾವು ಸತ್ತಿಲ್ಲ" ಎಂದು ಅವಳು ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡಳು.

ಹಾಗೆಂದವಳು ನಾಲ್ಕು ದಿನ ಅದನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗಿದಳು. ಕಚೇರಿಯಲ್ಲಿ ಯಾರಾದರೂ 'ವರದಿ' ಅಂದರೆ ಸಾಕು, ಕುಂಬಳಕಾಯಿ ಕಳ್ಳ ಅಂದವರೆದುರು ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಚೀಲ ಮುಟ್ಟಿಕೊಳ್ಳುತ್ತಿದ್ದಳು. ಐದನೆಯ ದಿನ ಬೆಳಿಗ್ಗೆ, ಜೊತೆಗಿದ್ದ ವಿಧವೆ ಅಕ್ಕ ತಟ್ಟೆ ಮುಂದಿಟ್ಟು ಎದುರಿಗೇ ಕೂತಳು.

"ನಾಲ್ಕು ದಿನದಿಂದ ಅನ್ನ ಕೆದಕ್ತಾ ಇದ್ದೀಯಲ್ಲೇ, ಏನಾಗಿದೆ ನಿಂಗೆ?"

ಹೇಳಿದಳು. ಅಕ್ಕ ಪೂರ್ತಿ ಕೇಳಿಸಿಕೊಂಡು, "ಅವನಿಗೆ ಹೇಳಿದ್ಯಾ?" ಅಂದಳು.

"ಹೇಗೆ ಹೇಳೋದು ಅಂತ ಯೋಚಿಸ್ತಿದ್ದೀನಿ ಅಕ್ಕಾ."

"ಹೇಗೆ ಅಂತ ಯೋಚಿಸೋದು ನಿನಗೋಸ್ಕರ ಕಣೇ, ಅವನಿಗೋಸ್ಕರ ಅಲ್ಲ. ಎದ್ದು ಹೋಗು."

ಮೀನಣ್ಣ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದ. ಮೆಥ್ ಕೇಸಿನವನನ್ನು ಯಾರು ತಾನೇ ಮನೆಯೊಳಗೆ ಬಿಟ್ಟುಕೊಂಡು ತೊಟ್ಟಿ ಮುಟ್ಟಿಸುತ್ತಾರೆ? ಅವಳನ್ನು ಕಂಡದ್ದೇ ಪೈಪು ಕೆಳಗಿಟ್ಟ.

"ಮತ್ತೆ ಏನಾಯ್ತು ಮೇಡಂ? ನಾನು ಏನೂ ಮಾಡಿಲ್ಲ."

"ಗೊತ್ತು" ಎಂದಳು. "ಆಗಲೂ ನೀವೇನೂ ಮಾಡಿರಲಿಲ್ಲ." ಲಕೋಟೆಯನ್ನು ಕೊಟ್ಟಳು.

ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡು ಅವನು ನಿಧಾನವಾಗಿ ಓದಿದ, ತುಟಿಯಾಡಿಸುತ್ತ. ನೀರು ಹರಿಯುತ್ತಲೇ ಇತ್ತು. ಓದಿ ಮುಗಿದ ಮೇಲೆ ಒಂದೇ ಮಾತು ಕೇಳಿದ: "ಇದು ಯಾವಾಗ ಬಂತು?"

ದಾರಿಯುದ್ದಕ್ಕೂ ಅವಳು ಈ ಪ್ರಶ್ನೆಗೇ ಹೆದರಿಕೊಂಡು ಬಂದಿದ್ದಳು. 'ಈಗಷ್ಟೇ' ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಕೂತಿತ್ತು.

"ನೀವು ಒಳಗೆ ಹೋಗಿ ಮೂರು ತಿಂಗಳಿಗೆ. ನನ್ನ ಕೈಗೇ ಬಂದಿತ್ತು. ನಾನು ತೆಗೆದು ನೋಡಲಿಲ್ಲ."

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಪೈಪು ಎತ್ತಿಕೊಂಡು, ಅರ್ಧ ತೊಳೆದಿದ್ದ ಬಸ್ಸನ್ನು ಪೂರ್ತಿ ತೊಳೆದ. ಹಿಂದಿನ ಗಾಜು, ಚಕ್ರ, ಮೆಟ್ಟಿಲು. ಅವಳು ನೆರಳಿಲ್ಲದ ಜಾಗದಲ್ಲಿ ಅಷ್ಟು ಹೊತ್ತೂ ನಿಂತಿದ್ದಳು. ಕೊನೆಗೆ ನಲ್ಲಿ ನಿಲ್ಲಿಸಿ ಬಂದ.

"ನನ್ನ ಹೆಂಡ್ತಿ ಇವತ್ತಿಗೂ ದಿನಾ ನನ್ನ ಜೇಬು ಹುಡುಕ್ತಾಳೆ ಮೇಡಂ. ನಾನು ಬೇಡ ಅನ್ನಲ್ಲ. ಅಷ್ಟು ಜನದ ಮುಂದೆ ನಂದೇ ಅಂತ ಹೇಳಿದವನು ನಾನೇ ಅಲ್ವಾ? ಒಂದೊಂದ್ಸಲ ನಂಗೇ ಅನುಮಾನ ಬರ್ತಿತ್ತು, ಯಾರಾದ್ರೂ ಡಬ್ಬೀಲಿ ಬದಲಾಯಿಸಿದ್ರೇನೋ ಅಂತ. ನಂಗೆ ಹೇಳಿದ್ದು ಸಾಕು. ಬನ್ನಿ, ಅವಳಿಗೆ ಹೇಳಿ."

ಮನೆ ಎರಡನೇ ಮಹಡಿಯಲ್ಲಿತ್ತು, ಒಂದೂವರೆ ಕೋಣೆ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕುಳಿತು ಅಂಗಿಯ ಕಾಲರಿಗೆ ಹೊಲಿಗೆ ಹಾಕುತ್ತಿದ್ದಳು. ವಕೀಲೆ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಓಣಿಯ ಬೆಂಚು, ಗಡಿಯಾರ, ತಲೆಯಾಡಿಸಿದ್ದು, ಹಸಿರು ಶಾಯಿ, ಒಂದನ್ನೂ ಬಿಡಲಿಲ್ಲ. ಯಂತ್ರ ನಿಂತಿತು.

"ಹಾಗಾದ್ರೆ ಇವ್ರು ನಿಜಾನೇ ಹೇಳಿದ್ರು" ಅಂದಳು ಹೆಂಡತಿ. ಆಮೇಲೆ ದನಿ ಏರಿತು. "ನಾನು ಎಂಟು ತಿಂಗಳಲ್ಲಿ ಒಂದು ಸಲಾನೂ ಇವ್ರನ್ನ ನೋಡೋಕೆ ಹೋಗಲಿಲ್ಲ. ಒಂದು ಸಲಾನೂ! ನಾಲ್ಕು ಕಾಗದ ಬರೆದ್ರು, ಒಡೆಯದೆ ವಾಪಸ್ ಕಳಿಸ್ದೆ. ನಿಮ್ಮ ಒಂದು ತಲೆಯಾಡಿಸೋದ್ರಿಂದ ನನ್ನ ಕೈಲಿ ಇದನ್ನೆಲ್ಲ ಮಾಡಿಸಿದ್ರಲ್ಲ ನೀವು!"

"ಹೌದು" ಎಂದಳು ವಕೀಲೆ.

"ಅವರನ್ನ ಬಯ್ಬೇಡ, ಬಂದು ಹೇಳಿದ್ದಾರಲ್ಲ" ಎಂದು ಮೀನಣ್ಣ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ. ಅವಳು ಆ ಕೈಗೆ ಹಣೆ ಒತ್ತಿ ಅಳತೊಡಗಿದಳು. ವಕೀಲೆ ಮೆಟ್ಟಿಲಿಳಿದು ಬಂದಳು. ಆ ಮನೆಯಲ್ಲಿ ಆಗ ತಾನಿರಬಾರದು ಎಂಬಷ್ಟು ಅವಳಿಗೆ ಗೊತ್ತಾಯಿತು.

ಶಿಕ್ಷೆ ರದ್ದು ಮಾಡಿಸಲು ಅರ್ಜಿ ಹಾಕಬೇಕಿತ್ತು. ಅರ್ಜಿಯನ್ನು ಬೇರೊಬ್ಬ ವಕೀಲರಿಗೆ ಒಪ್ಪಿಸಿ, ಅವಳು ತನ್ನ ವಿರುದ್ಧ ತಾನೇ ಪ್ರಮಾಣಪತ್ರ ಬರೆದಳು. ಕಚೇರಿಯ ಮುಖ್ಯಸ್ಥರು ಕರಡು ನೋಡಿ ಕೆಂಪು ಪೆನ್ನು ಎತ್ತಿದರು. "'ಕೆಲಸದ ಒತ್ತಡದಿಂದ ಗಮನಕ್ಕೆ ಬಂದಿರಲಿಲ್ಲ' ಅಂತ ಬರೀರಿ. ಸುಳ್ಳೇನೂ ಅಲ್ಲವಲ್ಲ."

"ಗಮನಕ್ಕೆ ಬಂದಿತ್ತು ಸರ್. ರುಜು ಹಾಕಿದ್ದೀನಿ. ಓದಲಿಲ್ಲ, ಅಷ್ಟೇ."

ಅದೇ ನ್ಯಾಯಾಧೀಶರು. ಪ್ರಮಾಣಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಮೀನಣ್ಣನ ಕಡೆ ತಿರುಗಿದರು. "ಅವತ್ತು ನಿಮ್ಮದೇ ಅಂದಿರಿ. ಯಾಕೆ?"

"ನಂದೇ ಆಗಿತ್ತು ಸ್ವಾಮಿ, ಹರಳು. ಮಾದಕ ವಸ್ತು ಮಾತ್ರ ಆಗಿರಲಿಲ್ಲ. ಅಷ್ಟು ಬಿಡಿಸಿ ಹೇಳೋಕೆ ಯಾರೂ ಟೈಮ್ ಕೊಡ್ಲಿಲ್ಲ."

ಹತ್ತು ನಿಮಿಷದಲ್ಲಿ ಶಿಕ್ಷೆ ರದ್ದಾಯಿತು. ಕಳೆದ ಎಂಟು ತಿಂಗಳ ಬಗ್ಗೆ ಆದೇಶದಲ್ಲಿ 'ವಿಷಾದನೀಯ' ಎಂಬ ಒಂದು ಪದವಿತ್ತು. ತಿಂಗಳೊಳಗೆ ವಕೀಲರ ಮಂಡಳಿ ಅವಳ ಸನ್ನದನ್ನು ಆರು ತಿಂಗಳು ಅಮಾನತಿನಲ್ಲಿಟ್ಟಿತು. ಗುಮಾಸ್ತರು ಅವಳ ಮೇಜಿನ ಸಾಮಾನನ್ನು ಒಂದು ಪೆಟ್ಟಿಗೆಗೆ ತುಂಬಿ, ಆಟೋದವರೆಗೂ ತಾವೇ ಹೊತ್ತು ತಂದುಕೊಟ್ಟರು. ಅವರ ಮೂಗು ಕೆಂಪಾಗಿತ್ತು.

ಜನ ಅವಳನ್ನು ಹೊಗಳಿದರು, ಅದೇ ದೊಡ್ಡ ಹಿಂಸೆಯಾಯಿತು. 'ತಪ್ಪೊಪ್ಪಿಕೊಳ್ಳೋಕೆ ಎದೆಗಾರಿಕೆ ಬೇಕು' ಎಂದು ಯಾರೋ ಫೋನಿನಲ್ಲಿ ಅಂದಾಗ, ಮೀನಣ್ಣನಿಂದಲೂ ತಾನು ಅದನ್ನೇ ಮಾಡಿಸಿದ್ದೆ, ಅವನು ಮಾಡದ ತಪ್ಪನ್ನು ಒಪ್ಪಿಸಿದ್ದೆ ಎಂದು ಹೇಳಬೇಕೆನಿಸಿತು. ಬೆಳಿಗ್ಗೆ ಎದ್ದರೆ ಹೋಗಲು ಜಾಗವಿಲ್ಲ. ಅಕ್ಕನ ಜೊತೆ ಕಾಳು ಆರಿಸುತ್ತ ಕೂತರೂ ಕಣ್ಣ ಮುಂದೆ ಆ ನಲವತ್ತು ಕೇಸುಗಳೇ. ಅವರಲ್ಲಿ ಎಷ್ಟು ಜನ ತನ್ನ ಮುಖ ನೋಡಿ ಹೌದು ಅಂದಿದ್ದರೋ.

ಎರಡನೇ ತಿಂಗಳು ಮೀನಣ್ಣನ ಫೋನು ಬಂತು. ಹಳೆಯ ಗಿರಾಕಿಗಳಲ್ಲಿ ಮೂವರು ಮತ್ತೆ ಕರೆದಿದ್ದಾರಂತೆ. ಉಳಿದವರು, ಕಾಗದ ತೋರಿಸಿದರೂ, ಆಮೇಲೆ ಹೇಳ್ತೀವಿ ಅಂದರಂತೆ. ಆಮೇಲೆ ಫೋನು ಮಾಡಿದ ಕಾರಣಕ್ಕೆ ಬಂದ.

"ಜೈಲಲ್ಲಿ ನನ್ನ ಕೋಣೇಲಿ ಒಬ್ಬ ಬಡಗಿ ಇದ್ದ ಮೇಡಂ. ಅವನೂ ನನ್ನ ಹಾಗೇ, ವರದಿ ಬರೋ ಮುಂಚೆ ಒಪ್ಕೊಂಡವನು. ಇನ್ನೂ ಒಳಗಿದ್ದಾನೆ. ಅವನ ಕಾಗದ ಯಾರಾದ್ರೂ ನೋಡ್ಬೇಕು."

"ನಾನು ಈಗ ವಾದ ಮಾಡೋ ಹಾಗಿಲ್ಲ."

"ಗೊತ್ತು. ನಿಮ್ಮ ಮೇಲೆ ನಂಬಿಕೆಯಿಂದ ಕೇಳ್ತಿಲ್ಲ ಮೇಡಂ, ಸುಳ್ಳು ಯಾಕೆ ಹೇಳ್ಲಿ. ಬೇರೆ ವಕೀಲರು ಯಾರೂ ನಂಗೆ ಗೊತ್ತಿಲ್ಲ. ವಾದ ಯಾರಾದ್ರೂ ಮಾಡ್ಲಿ. ನೀವು ಓದಿ, ಸಾಕು."

ಬಡಗಿಯ ಹೆಸರು, ಕೇಸಿನ ನಂಬರು ಹೇಳಿದ. ಅವಳು ಬರೆದುಕೊಂಡಳು. ಮರುದಿನ ಬೆಳಿಗ್ಗೆ ಜೈಲಿನ ಭೇಟಿಯ ಸಾಲಿನಲ್ಲಿ, ಮಗು ಎತ್ತಿಕೊಂಡ ಒಬ್ಬ ತಾಯಿಯ ಹಿಂದೆ, ಎಲ್ಲರ ಹಾಗೆ ಚೀಟಿ ಹಿಡಿದು ನಿಂತಳು. ಕಿಟಕಿಯಲ್ಲಿದ್ದವನು ಚೀಟಿ ನೋಡಿ, "ಕೈದಿಗೆ ನೀವು ಏನಾಗಬೇಕು?" ಎಂದು ಕೇಳಿದ.

"ಏನೂ ಅಲ್ಲ" ಅಂದಳು. "ಎಷ್ಟು ಹೊತ್ತಾದ್ರೂ ಪರವಾಗಿಲ್ಲ, ಕಾಯ್ತೀನಿ."